ದಮಯಂತಿಯ ಕೈಗುಣ

ದಮಯಂತಿಯ ಕೈಗುಣದ ವಿಷಯದಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ. ಆಕೆ ಮೊದಲ ಹಿಡಿ ಉಪ್ಪು ಹಾಕಿದ ಮಾವಿನ ಮಿಡಿಗೆ ಮಳೆಗಾಲ ಕಳೆದರೂ ಬೂಷ್ಟು ಹಿಡಿಯುವುದಿಲ್ಲ, ಆಕೆ ನೆಟ್ಟ ಮೆಣಸಿನ ಬಳ್ಳಿ ಮರ ಬಿಟ್ಟು ಜಾರುವುದಿಲ್ಲ ಎಂದು ಸೋಮವಾರಪೇಟೆಯ ಈಚೆ ಬದಿಯ ಮನೆಗಳವರೆಲ್ಲ ನಂಬಿದ್ದರು. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆ, ತೋಟಕ್ಕೆ ಮೊದಲ ಗಿಡ ಇಡಬೇಕೆ, ‘ದಮಯಂತಕ್ಕನ್ನ ಕರೀರಿ’ ಎನ್ನುವರು. ಕರೆದಾಗ ಆಕೆ ‘ಅಯ್ಯೋ, ನಂದೇನಿದೆ, ಎಲ್ಲಾ ಶಿವನದು’ ಎನ್ನುವಳು. ಕರೆಯುವುದನ್ನು ಯಾರಾದರೂ ಮರೆತರೋ, ಮುಂದಿನ ಮದುವೆ ಮನೆಯಲ್ಲಿ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸಿಗೆ ಅಷ್ಟೂ ಬಿಂಕ ಬೇಡವೆಂದರೆ ಹೇಗೆ?

ಅದೇ ಮನೆಯಲ್ಲಿ ಅವಳ ಮಗ ಶಶಿಧರನ ಕೈ ಕೆಟ್ಟದ್ದು ಎಂಬ ನಂಬಿಕೆಯೂ ಅಷ್ಟೇ ಗಟ್ಟಿಯಾಗಿತ್ತು. ಅದನ್ನು ಈಗೀಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಿಡ ನೆಡುವ ದಿನ ಬೆಳಿಗ್ಗೆ ಅವನನ್ನು ಗೊಬ್ಬರಕ್ಕೆಂದು ಪೇಟೆಗೆ ಕಳಿಸುತ್ತಿದ್ದರು. ಕಾಫಿ ಹಣ್ಣಿನ ಮೊದಲ ಪಿಕ್ಕಿಂಗ್ ದಿನ ಅವನಿಗೆ ಜೀಪು ರಿಪೇರಿಯ ಕೆಲಸ ಬೀಳುತ್ತಿತ್ತು. ನಲವತ್ತರ ಗಂಡಸು, ತೋಟದ ಭಾರವನ್ನೆಲ್ಲ ಹೊತ್ತವನು, ಆದರೆ ಯಾವ ಕೆಲಸವನ್ನೂ ಅವನು ಶುರು ಮಾಡುವಂತಿರಲಿಲ್ಲ. ಅವನ ಹೆಂಡತಿ ವಿನುತಾ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿದಾಗ ದಮಯಂತಿ, “ಅದೇನೋ ಹಿಂದಿಂದ ಬಂದಿದ್ದು ಕಣವ್ವ” ಎಂದು ಮಾತು ಮುಗಿಸಿದ್ದಳು.

ಶಶಿಧರನಿಗೆ ಬೈಪೋಲಾರ್ ಎಂಬ ಕಾಯಿಲೆ ಇದೆ ಎಂದು ಮಡಿಕೇರಿಯ ಡಾಕ್ಟರಮ್ಮ ಹೇಳಿ ಕೆಲವು ವರ್ಷಗಳಾಗಿದ್ದವು. ಕೆಲವು ತಿಂಗಳು ಅವನನ್ನು ಹಿಡಿಯಲು ಆಗುವುದಿಲ್ಲ, ಕೆಲವು ತಿಂಗಳು ಎಬ್ಬಿಸಲು ಆಗುವುದಿಲ್ಲ. ಮಾತ್ರೆ ನುಂಗಿದರೆ ಎರಡೂ ಹದದಲ್ಲಿರುತ್ತವೆ. ದಮಯಂತಿಯ ಗಂಡ ಸಿದ್ದಣ್ಣ ಮಾತ್ರ ಇದನ್ನು ಒಪ್ಪಿರಲಿಲ್ಲ. “ಬೈಪೋಲಾರೋ ಟ್ರೈಪೋಲಾರೋ, ನಮ್ಮ ಕಾಲ್ದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ರು” ಎಂಬುದು ಅವನ ತೀರ್ಮಾನ.

ಈ ಸಲ ಮಾರ್ಚ್ ತಿಂಗಳಲ್ಲಿ ಶಶಿಧರ ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಕೋಳಿ ಕೂಗುವ ಮುಂಚೆಯೇ ಎದ್ದು ತೋಟ ಸುತ್ತುವುದು, ಬಂದು ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಬಿಡುವಿಲ್ಲದೆ ಮಾತಾಡುವುದು ಶುರುವಾಯಿತು. ರೊಟ್ಟಿ ತಟ್ಟೆಯಲ್ಲೇ ಆರುತ್ತಿತ್ತು.

“ಅವ್ವ, ಕೆಳಗಿನ ಗದ್ದೆ ಪೂರ್ತಿ ಬಟರ್‌ಫ್ರೂಟ್ ಹಾಕ್ತೀನಿ. ಗಿಡಕ್ಕೆ ಹೇಳಿಯಾಯ್ತು. ಲಾರಿ ನಾಳೆ ಬರತ್ತೆ.”

“ಮೊದ್ಲು ತಿನ್ನೋ.”

“ಮಾರ್ಚ್ ತಿಂಗಳಲ್ಲಿ ಗಿಡ ನೆಡೋ ಹುಚ್ಚ ಯಾವನಿದಾನೆ?” ಸಿದ್ದಣ್ಣ ಚಟ್ನಿ ಬಡಿಸಿಕೊಳ್ಳುತ್ತ ಕೇಳಿದ.

“ನಾನಿದೀನಲ್ಲ ಅಪ್ಪ! ಡಾಕ್ಟ್ರು ಬರ್ದೂ ಕೊಟ್ಟಿದಾರೆ!” ಶಶಿಧರ ಜೋರಾಗಿ ನಕ್ಕ. “ಒಂದು ಗಿಡಾನೂ ಬೇರೆಯವ್ರು ಮುಟ್ಟಂಗಿಲ್ಲ. ನನ್ನ ಕೈಯಲ್ಲೇ ನೆಡ್ತೀನಿ. ಅಷ್ಟೂ ಚಿಗುರ್ತವೆ ನೋಡ್ತಿರಿ. ಆಮೇಲೆ ಈ ಮನೇಲಿ ಯಾರೂ ನನ್ನ ಕೈ ಬಗ್ಗೆ ಮಾತಾಡ್ಬಾರ್ದು.”

“ಈಗ ಯಾರು ಮಾತಾಡಿದ್ರು?” ಎಂದಳು ದಮಯಂತಿ.

“ಯಾರೂ ಇಲ್ಲ. ಅದೇ ನೋಡು ಕಷ್ಟ.”

ಲಾರಿ ಬಂತು. ಶಶಿಧರ ಆಳುಗಳನ್ನು ದೂರ ನಿಲ್ಲಿಸಿ, ಉರಿ ಬಿಸಿಲಿನಲ್ಲಿ ತಾನೇ ಗುಂಡಿ ತೋಡಿ ತಾನೇ ನೆಟ್ಟ. ವಿನುತಾ ಮಾತ್ರೆಯ ಡಬ್ಬಿ ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ಹಿಂದೆ ಹಿಂದೆಯೇ ಓಡಾಡಿದಳು. ಹೊಸ ಗಿಡಕ್ಕೆ ನೀರು ಬೇಕಲ್ಲ, ಕೆರೆಯ ಮೋಟರು ಹಗಲೆಲ್ಲ ಓಡಿತು. ಆ ನೀರನ್ನು ಕಾಫಿಗೆಂದು ಇಟ್ಟುಕೊಂಡಿದ್ದರು. ಹೂವು ಅರಳಿಸಲು ಒಂದು ಸಲ ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ನೀರು ಹಾರಿಸಿಯಾಗಿತ್ತು. ಎರಡನೇ ನೀರು ಕೊಡದಿದ್ದರೆ ಕಟ್ಟಿದ ಕಾಯಿ ಉದುರುತ್ತದೆ. ಕೊಡುವ ಹೊತ್ತಿಗೆ ಕೆರೆಯಲ್ಲಿ ಕೆಸರು ಮಾತ್ರ ಉಳಿದಿತ್ತು. ಬಟರ್‌ಫ್ರೂಟ್ ಗಿಡಗಳೂ ಉಳಿಯಲಿಲ್ಲ, ಬಿಸಿಲಿಗೆ ತಲೆ ಬಾಗಿಸಿ ಒಣಗಿದವು.

ಸಿದ್ದಣ್ಣ ಕೆರೆ ಏರಿಯ ಮೇಲೆ ನಿಂತು, ಆಳುಗಳೆಲ್ಲ ಕೇಳುವಂತೆ ಕೂಗಿದ. “ಹುಟ್ಟಿದಾಗಿಂದ ನೋಡ್ತಾ ಇದೀನಿ! ಈ ಕೈ ಇಟ್ಟಿದ್ದೆಲ್ಲಾ ಬೂದಿ!”

ಶಶಿಧರ ಮನೆಗೆ ಬಂದು ಮಲಗಿದವನು ಏಳಲಿಲ್ಲ.

ಏಪ್ರಿಲ್ ಬಂತು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆದಾಡುತ್ತಿದ್ದರು. ಶಶಿಧರ ಊಟಕ್ಕೆ ಬಂದರೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಪಾತ್ರೆ ಮುಟ್ಟುತ್ತಿರಲಿಲ್ಲ, ಯಾರಾದರೂ ಬಡಿಸಿದರೆ ಎರಡು ತುತ್ತು ತಿನ್ನುತ್ತಿದ್ದ. ಎಂಟು ವರ್ಷದ ಮಗಳು ಚಂದನಾ ಜಡೆ ಹಾಕು ಎಂದು ಬಾಚಣಿಗೆ ತಂದರೆ, “ಅಮ್ಮನ ಹತ್ರ ಹೋಗು ಚಿನ್ನ” ಎನ್ನುತ್ತಿದ್ದ. ಮೊದಲೆಲ್ಲ ಅವಳಿಗೆ ಎರಡು ಜಡೆ ಹಾಕುತ್ತಿದ್ದವನು ಅವನೇ.

“ಅಪ್ಪ ಹೇಳಿದ್ದು ಸರಿ ಅವ್ವ,” ಎಂದ ಒಂದು ದಿನ. “ನಾನು ಮುಟ್ಟಿದ್ದು ಉಳಿಯಲ್ಲ.”

“ಹಂಗೆಲ್ಲ ಅನ್ಬಾರ್ದು ಕಣೋ. ಮಜ್ಜಿಗೆ ಕುಡಿ.”

ದಮಯಂತಿಗೆ ಎಲ್ಲದಕ್ಕೂ ಗೊತ್ತಿದ್ದ ಮದ್ದು ಅದೊಂದೇ. ಅತ್ತರೆ ಊಟ, ಬಿದ್ದರೆ ಊಟ, ಗಂಡ ಬೈದರೂ ಊಟ.

ವಿನುತಾ ಗಂಡನನ್ನು ಮಡಿಕೇರಿಗೆ ಕರೆದುಕೊಂಡು ಹೊರಟಳು. ಅತ್ತೆಯನ್ನೂ ಹೊರಡಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಸರ ಮಾಡದೆ ಒಂದೊಂದೇ ಕೇಳಿದರು. ಈ ಕೈಯ ಯೋಚನೆ ಯಾವಾಗಿನಿಂದ ಎಂದಾಗ ಶಶಿಧರ ನೆಲ ನೋಡುತ್ತ ಹೇಳಿದ.

“ಚಿಕ್ಕೋನಿದ್ದಾಗ ನರ್ಸರಿ ಸಸಿಗೆ ನೀರು ಹಾಕಿದ್ದೆ. ಬಿಸಿಲಿಗೆ ಬಾಡ್ತವೆ ಅಂತ ದಿನಾ ಕದ್ದು ಹೋಗಿ ಹಾಕ್ತಿದ್ದೆ. ಬುಡ ಕೊಳ್ತು ಎಲ್ಲಾ ಸತ್ವು. ಅಪ್ಪ ನನ್ನ ಎರಡೂ ಕೈನ ಕಾಫಿ ಮೂಟೆ ಇಡೋ ಸ್ಟೋರಿನ ಕಂಬಕ್ಕೆ ಕಟ್ಟಿ ಹಾಕಿದ್ರು. ಇಡೀ ದಿನ. ಬಂದೋರಿಗೆಲ್ಲ ತೋರ್ಸಿದ್ರು, ಇದೇ ನೋಡಿ ಕೆಟ್ಟ ಕೈ ಅಂತ. ಹಂಗಂತ ನನ್ನ ನೆನಪು. ಅಪ್ಪ ಇಲ್ಲ ಅಂತಾರೆ. ನಿನ್ನ ತಲೆ ಹುಟ್ಟಿಸಿದ್ದು ಅಂತಾರೆ.”

ಡಾಕ್ಟರಮ್ಮ ದಮಯಂತಿಯ ಕಡೆ ತಿರುಗಿದರು. “ನಿಮಗೆ ನೆನಪಿದೆಯಾ ಅಮ್ಮ?”

ದಮಯಂತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಮಕ್ಕಳು ಅಂದ್ಮೇಲೆ ಎಲ್ಲರ ಮನೇಲೂ ಒಂದೇಟು ಹಾಕೋದೇ ಅಲ್ವಾ ಡಾಕ್ಟ್ರೇ. ಇಷ್ಟು ವರ್ಷದ್ದು ಯಾರಿಗೆ ನೆನಪಿರತ್ತೆ?”

ಡಾಕ್ಟರಮ್ಮ ಒತ್ತಾಯಿಸಲಿಲ್ಲ. “ಕಾಯಿಲೆಗೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಮನಸ್ಸು ಕುಗ್ಗಿದಾಗಲೆಲ್ಲ ಅದು ಹಳೇ ದಾರಿಯನ್ನೇ ಹಿಡಿಯತ್ತೆ. ಮಾತ್ರೆ ಬಿಡಬೇಡಿ” ಎಂದು ಹೇಳಿ ಕಳಿಸಿದರು.

ಮನೆಗೆ ಮರಳುವ ಬಾಡಿಗೆ ವ್ಯಾನು ಮಾದಾಪುರ ದಾಟಿತು. ಆಮೇಲೆ ಶಶಿಧರ ಹಿಂದಿನ ಸೀಟಿನಿಂದ ಮುಂದೆ ಬಾಗಿದ.

“ಅವ್ವ, ನಿಜ ಹೇಳು. ಅದು ನಡೆದಿತ್ತಾ?”

“ಈಗ ಯಾಕೋ ಅದು?”

“ನಡೆದಿಲ್ಲ ಅಂದ್ರೂ ಹೇಳು. ಆಗ ನನ್ನ ತಲೆ ಬರೀ ಸುಳ್ಳು ಹೇಳ್ತಿದೆ ಅಂತಾಯ್ತು. ಯಾವ್ದು ನಿಜ ಯಾವ್ದು ಕಾಯಿಲೆ ಅಂತ ನನಗೇ ಗೊತ್ತಾಗ್ತಿಲ್ಲ.”

ದಮಯಂತಿ ಕಿಟಕಿಯ ಆಚೆ ನೋಡಿದಳು. “ರಸ್ತೆ ಎಷ್ಟು ಅಗಲ ಮಾಡಿಬಿಟ್ಟಿದಾರೆ” ಎಂದಳು. ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಅದನ್ನು ತಿದ್ದಲಿಲ್ಲ.

ಅವಳಿಗೆ ನೆನಪಿಲ್ಲದೆ ಏನು? ಕಂಬ ಯಾವುದು, ಹಗ್ಗ ಯಾವುದು ಎಂಬುದೂ ನೆನಪಿತ್ತು. ಅಂದು ಅವಳು ಮಾಡಿದ್ದೂ ನೆನಪಿತ್ತು. ನೆನಪಿದೆ ಎಂದರೆ ಗಂಡ ಸುಳ್ಳನಾಗುತ್ತಾನೆ. ಅದನ್ನಾದರೂ ಸಹಿಸಬಹುದಿತ್ತು. ತಾನು ಏನಾಗುತ್ತೇನೆ ಎಂಬುದನ್ನು ಅವಳಿಗೆ ಸಹಿಸಲು ಆಗುತ್ತಿರಲಿಲ್ಲ.

ಮಾರನೆಯ ವಾರದಿಂದ ಶಶಿಧರ ಮಾತ್ರೆ ಬೇಡವೆಂದ. ಈ ಸಲ ಉಮೇದಿನಿಂದಲ್ಲ. “ಸುಳ್ಳು ಹೇಳೋ ತಲೆಗೆ ಮಾತ್ರೆ ಹಾಕಿ ಏನಾಗ್ಬೇಕು ವಿನು? ಬಿಟ್ಬಿಡು” ಎಂದು ಗೋಡೆಯ ಕಡೆ ತಿರುಗಿದ. ವಿನುತಾ ಬೇಡಿದಳು, ಬೈದಳು, ಅತ್ತಳು. ಒಂದು ದಿನ ನುಂಗಿದರೆ ಎರಡು ದಿನ ಇಲ್ಲ.

ದಮಯಂತಿ ಗಂಡನನ್ನು ಕೇಳಿಯೇ ಬಿಡೋಣವೆಂದು ಜಗಲಿಗೆ ಕಾಫಿ ತಂದುಕೊಟ್ಟಳು.

“ರೀ, ಶಶಿನ ಕಟ್ಟಿ ಹಾಕಿದ್ದು ನಿಮಗೆ ನಿಜವಾಗ್ಲೂ ನೆನಪಿಲ್ವಾ?”

ಸಿದ್ದಣ್ಣ ಲೋಟ ಕೆಳಗಿಡಲಿಲ್ಲ. “ನಿನಗಿದೆಯಾ?”

ಅವನು ಕೇಳಿದ ರೀತಿಯಲ್ಲೇ ಅವನಿಗೂ ನೆನಪಿದೆ ಎಂದು ಅವಳಿಗೆ ತಿಳಿಯಿತು. “ಇಲ್ಲ” ಎಂದಳು. ಲೋಟ ಖಾಲಿಯಾಗುವವರೆಗೂ ಪಕ್ಕದಲ್ಲೇ ನಿಂತಿದ್ದು, ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುವುದು, ಗುಡಿಸಿದ ಅಂಗಳವನ್ನೇ ಗುಡಿಸುವುದು. ಲಿಂಗಪೂಜೆಗೆ ಕೂತರೆ ಮಂತ್ರದ ನಡುವೆ ಕಾಫಿ ಸ್ಟೋರು ಬಂದು ನಿಲ್ಲುತ್ತಿತ್ತು. ಪಕ್ಕದ ಮನೆಯ ಕಾಂತಮ್ಮ ಮಿಡಿಗೆ ಉಪ್ಪು ಹಾಕಲು ಕರೆದಾಗ ಹೋದಳು, ಆದರೆ ಹಿಡಿಯಲ್ಲಿದ್ದ ಉಪ್ಪು ಜಾಡಿಗಿಂತ ಹೆಚ್ಚಾಗಿ ನೆಲದ ಮೇಲೆ ಬಿತ್ತು.

“ಏನ್ ದಮಯಂತಕ್ಕ, ಕೈ ನಡುಗ್ತದೆ?”

“ವಯಸ್ಸಾಗಲಿಲ್ವೇನೇ?”

“ನಿಮ್ಮ ಕೈಗೆ ಎಲ್ಲಿ ವಯಸ್ಸು! ಚಿನ್ನದ ಕೈ ಅದು!” ಎಂದು ಕಾಂತಮ್ಮ ಬಾಗಿನ ಕೊಡುವಂತೆ ಎಲೆಯಡಿಕೆ ಕೊಟ್ಟಳು. ಆ ಹೊಗಳಿಕೆ ದಮಯಂತಿಗೆ ಮೊದಲ ಸಲ ರುಚಿಸಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ವಿನುತಾ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಅತ್ತೆ, ನಿನ್ನೆ ಸಂಜೆ ಇವ್ರು ಬಾವಿ ಕಟ್ಟೆ ಮೇಲೆ ಒಬ್ರೇ ಕೂತಿದ್ರು. ಒಳಗೆ ನೋಡ್ತಾ ಇದ್ರು. ನಾನು ಕೈ ಹಿಡ್ಕೊಂಡು ಕರ್ಕೊಂಡು ಬಂದೆ.”

ದಮಯಂತಿ ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. “ನೀರು ಸೇದಕ್ಕೆ ಹೋಗಿರ್ಬೇಕು.”

“ಮೋಟರ್ ಬಂದು ಎಷ್ಟು ವರ್ಷ ಆಯ್ತು ಅತ್ತೆ? ನನ್ನ ಮುಖ ನೋಡಿ ಹೇಳಿ. ಡಾಕ್ಟ್ರ ಮುಂದೆ ನೀವು ಮುಖ ಒರೆಸ್ಕೊಂಡ್ರಲ್ಲ, ಅವತ್ತೇ ನನಗೆ ಗೊತ್ತಾಯ್ತು. ಆ ದಿನ ಕಂಡೋರಲ್ಲಿ ಈ ಮನೇಲಿರೋರು ಮೂರೇ ಜನ. ಮಾವ ಹೇಳಲ್ಲ. ಇವ್ರು ಹೇಳಿದ್ರೆ ಯಾರೂ ನಂಬಲ್ಲ, ಇವ್ರೇ ನಂಬಲ್ಲ. ಉಳಿದೋರು ನೀವು.”

“ನಾನು ಹೇಳ್ಬಿಟ್ರೆ ಅವನ ಕಾಯಿಲೆ ಹೋಗ್ಬಿಡತ್ತಾ?”

“ಹೋಗಲ್ಲ. ತನ್ನ ತಲೆ ಮೇಲೆ ತನಗೇ ನಂಬಿಕೆ ಬರತ್ತೆ. ಆಗ ಮಾತ್ರೆ ನುಂಗ್ತಾರೆ, ಬದುಕ್ತಾರೆ. ನನಗೆ ಅಷ್ಟು ಸಾಕು.”

ಒಲೆಯ ಮೇಲಿದ್ದ ರೊಟ್ಟಿ ಸೀದು ಹೊಗೆಯೆದ್ದಿತು. ಇಬ್ಬರಲ್ಲಿ ಒಬ್ಬರೂ ಅದನ್ನು ತೆಗೆಯಲಿಲ್ಲ.

ಮಾರನೆಯ ದಿನ ಭಾನುವಾರ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ವಿನುತಾ ಹುರುಳಿ ಸಾರು, ಕೆಸುವಿನ ಗೊಜ್ಜು ಬಡಿಸಿದಳು. ಕೊನೆಯಲ್ಲಿ ಚಂದನಾ ಮೊಸರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಹುಷಾರಾಗಿ ತಂದಳು. ಸಿದ್ದಣ್ಣ ಸೌಟು ಹಾಕಿ ಎತ್ತಿದರೆ ಹಾಲು ಹಾಲಾಗಿಯೇ ಸುರಿಯಿತು.

“ಇದೇನಿದು? ಮೊಸರೇ ಆಗಿಲ್ಲ!” ಎಂದ. “ನಿನ್ನೆ ಸಂಜೆ ಅಡಿಗೆ ಮನೇಲಿ ಇವಳೇ ಓಡಾಡ್ತಿದ್ಲಲ್ಲ? ಹೆಪ್ಪು ಹಾಕಿದ್ದು ಇವಳೇನಾ? ಸರಿ ಬಿಡು. ಅಪ್ಪನ ಕೈಯೇ ಮಗಳಿಗೂ ಬಂದಿದೆ.”

ಚಂದನಾಳ ಮುಖ ಸಣ್ಣದಾಯಿತು. “ನಾನಲ್ಲ ತಾತ” ಎನ್ನುವುದರೊಳಗೆ ಶಶಿಧರ ತಲೆ ಎತ್ತಿದ. ಅವನು ತಂದೆಗೆ ಏನೂ ಹೇಳಲಿಲ್ಲ. ಮಗಳ ಕಡೆ ನೋಡಿ, ಬಹಳ ಪ್ರೀತಿಯಿಂದ, ಬುದ್ಧಿ ಹೇಳುವವನಂತೆ ಹೇಳಿದ.

“ಇನ್ಮೇಲೆ ನೀನು ಏನೂ ಮುಟ್ಟಬೇಡ ಚಿನ್ನ. ಮುಟ್ಟದೆ ಇದ್ರೆ ಯಾರೂ ಬೈಯಲ್ಲ.”

ಮಗು ಪಾತ್ರೆಯನ್ನು ನೆಲಕ್ಕಿಟ್ಟು ಎರಡೂ ಕೈಗಳನ್ನು ಲಂಗದ ಹಿಂದೆ ಅಡಗಿಸಿಕೊಂಡಿತು.

ದಮಯಂತಿ ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ತಟ್ಟೆಯ ಅಂಚಿಗೆ ಉಗುಳಿದಳು. ಬಾವಿ ಕಟ್ಟೆಯ ಸುದ್ದಿ ಕೇಳಿದಾಗ ಆಗದಿದ್ದ ಭಯ ಈಗ ಆಯಿತು.

“ಹೆಪ್ಪು ಹಾಕ್ಬೇಕಾಗಿದ್ದೋಳು ನಾನು,” ಎಂದಳು. “ಚಂದು ಅಲ್ಲ. ಹಾಲು ಕಾಯಿಸಿಟ್ಟು ಹೆಪ್ಪು ಹಾಕೋದನ್ನೇ ಮರ್ತೆ.”

“ನೀನಾ?” ಸಿದ್ದಣ್ಣ ನಗಲು ನೋಡಿದ. “ನಿನ್ನ ಕೈ ಎಲ್ಲಾದ್ರೂ...”

“ಕೈಯಂತೆ ಕೈ! ಹೆಪ್ಪು ಹಾಕದೆ ಇದ್ರೆ ಯಾರ ಕೈಯಾದ್ರೂ ಮೊಸರಾಗಲ್ಲ. ನೀರು ಜಾಸ್ತಿ ಹಾಕಿದ್ರೆ ಯಾರ ಕೈಯಾದ್ರೂ ಸಸಿ ಕೊಳೀತದೆ.” ಅವಳು ಮಗನ ಕಡೆ ತಿರುಗಿದಳು. “ಶಶಿ, ನಿನ್ನ ಕೈ ಕಟ್ಟಿ ಹಾಕಿದ್ದು ನಿಜ ಕಣೋ. ಸ್ಟೋರಿನ ಬಾಗಿಲ ಹತ್ರದ ಕಂಬಕ್ಕೆ. ಬೆಳಿಗ್ಗೆ ಕಟ್ಟಿದ್ದು, ದೀಪ ಹಚ್ಚೋ ಹೊತ್ತಿಗೆ ಬಿಚ್ಚಿದ್ದು.”

“ದಮಯಂತಿ!” ಸಿದ್ದಣ್ಣ ಗದರಿದ. “ಅವನಿಗೆ ಮೊದಲೇ ತಲೆ ಸರಿ ಇಲ್ಲ, ಇನ್ನೂ ಕೆಡಿಸ್ತೀಯಾ?”

“ಕೆಡಿಸಿದ್ದು ಇಷ್ಟು ವರ್ಷ ಸುಮ್ಮನಿದ್ದೋಳು, ನಾನು. ಕಟ್ಟಿದ್ದು ನೀವು, ಬಿಚ್ಚದೆ ಹೋದದ್ದು ನಾನು. ನೀವು ತೋಟಕ್ಕೆ ಹೋಗಿದ್ರಿ. ಗಂಟು ನನ್ನ ಕಣ್ಣ ಮುಂದೇ ಇತ್ತು, ಎಳೆದಿದ್ರೆ ಬಿಚ್ಕೊತಿತ್ತು. ನೀವು ಬೈತೀರ ಅಂತ ಹೆದರ್ಕೊಂಡು ತಟ್ಟೆ ತಂದು ತುತ್ತು ಮಾಡಿ ತಿನ್ನಿಸ್ದೆ. ತಿನ್ನಿಸಿ, ಕಟ್ಟಿದ ಮಗನ್ನ ಅಲ್ಲೇ ಬಿಟ್ಟು ಪಾತ್ರೆ ತೊಳೆಯಕ್ಕೆ ಹೋದೆ. ಇದನ್ನೇ ಊರೋರು ಚಿನ್ನದ ಕೈ ಅಂತಾರೆ.”

ಶಶಿಧರ ತಾಯಿಯನ್ನು ಎವೆಯಿಕ್ಕದೆ ನೋಡುತ್ತಿದ್ದ. ನಂಬಬೇಕೆಂದು ಆಸೆಯಿದ್ದರೂ ನಂಬಲು ಅವನು ಹೆದರುತ್ತಿದ್ದ.

“ರೊಟ್ಟಿ,” ಎಂದ ಕೊನೆಗೆ. “ಎಳ್ಳು ಚಟ್ನಿ ಹಚ್ಚಿದ ರೊಟ್ಟಿ ತಿನ್ನಿಸಿದ್ದೆ.”

“ರೊಟ್ಟಿ ಅಲ್ಲ ಕಣೋ, ಕಡುಬು. ನಿನ್ನ ಸೋದರತ್ತೆ ಬರ್ತಾಳೆ ಅಂತ ಬೆಳಿಗ್ಗೆ ಮಾಡಿದ್ದೆ. ತುಪ್ಪ ಹಾಕಿ ತಂದಿದ್ದೆ. ನೀರು ಅಂದೆ ನೀನು. ಚೊಂಬು ಬಾಯಿಗೆ ಹಿಡಿಯಕ್ಕೆ ಹೋದೆ, ನನ್ನ ಕೈ ತಪ್ಪಿ ಅಷ್ಟೂ ನಿನ್ನ ಚಡ್ಡಿ ಮೇಲೆ ಸುರೀತು.”

ಶಶಿಧರ ಕಂಕುಳಿಂದ ಕೈಗಳನ್ನು ತೆಗೆದದ್ದು ಅವನಿಗೇ ಗೊತ್ತಾಗಲಿಲ್ಲ.

“ನೀರಾ ಅದು?”

“ನೀರು ಕಣೋ. ಬಾವಿ ನೀರು.”

“ನಾನು ಉಚ್ಚೆ ಹೊಯ್ಕೊಂಡೆ ಅಂದ್ಕೊಂಡಿದ್ದೆ ಅವ್ವ. ಆಮೇಲೆ ಬಂದೋರೆಲ್ಲ ನೋಡಿ ನಕ್ರು. ಇಷ್ಟು ವರ್ಷವೂ ಹಂಗೇ ಅಂದ್ಕೊಂಡಿದ್ದೆ.”

ದಮಯಂತಿ ಅಲ್ಲೇ, ತಟ್ಟೆಯ ಮುಂದೆ, ಎಂಜಲು ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು. ಮಗ ಎಷ್ಟೋ ವರ್ಷ ಆ ಒದ್ದೆ ಚಡ್ಡಿಯಲ್ಲೇ ನಿಂತಿದ್ದ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ಆ ಒಂದು ಮಾತನ್ನು ಅವಳು ಹೇಳಿರಲಿಲ್ಲ.

ಸಿದ್ದಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದ. ಕೈ ತೊಳೆಯಲು ಬಚ್ಚಲ ಬಾಗಿಲಲ್ಲಿ ಹೋಗಿ ನಿಂತ. ಇಷ್ಟು ವರ್ಷ ಅವನು ಎದ್ದರೆ ದಮಯಂತಿಯೂ ಎದ್ದು ಚೊಂಬು ತಂದು ಕೈಗೆ ನೀರು ಹಾಕುತ್ತಿದ್ದಳು. ಅವನು ಸ್ವಲ್ಪ ಹೊತ್ತು ಕಾದ. ಅವಳು ಏಳಲಿಲ್ಲ. ಅವನೇ ನಲ್ಲಿ ತಿರುಗಿಸಿಕೊಂಡು, ಹಿಂತಿರುಗಿ ನೋಡದೆ ತೋಟದ ಕಡೆ ನಡೆದ.

ಶಶಿಧರ ಹೆಂಡತಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. ಮಾತು ಮಾತ್ರ ಸಮಾಧಾನವಾಗಿತ್ತು.

“ಕೇಳಿದ್ಯಾ ವಿನು? ರೊಟ್ಟಿಯಲ್ಲ, ಕಡುಬಂತೆ. ಚಡ್ಡಿ ಒದ್ದೆಯಾಗಿದ್ದು ನೀರಿಗಂತೆ. ಅಷ್ಟು ಬಿಟ್ರೆ ಮಿಕ್ಕಿದ್ದೆಲ್ಲ ನನಗೆ ಸರಿಯಾಗೇ ನೆನಪಿತ್ತು. ನನ್ನ ತಲೆ ಪೂರ್ತಿ ಕೆಟ್ಟಿಲ್ಲ.”